ಒಂದು ಅಂಕಿಗೆ 11 ದಿನ

ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ಮೆಕ್ಕೆಜೋಳದ ಆವಕ ಏರತೊಡಗಿದ್ದ ದಿನಗಳವು. ದಲಾಲಿ ಅಂಗಡಿಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುವ ನಮ್ಮ ಐದು ಜನರ ತಂಡದ ಮುಂದೆ ಒಂದು ಸಣ್ಣ ಬೇಡಿಕೆ ಬಂತು: ರೈತರಿಗೆ ಕೊಡುವ ಪಟ್ಟಿಯಲ್ಲಿ ತೂಕ ಮತ್ತು ದರದ ಜೊತೆಗೆ ಕಾಳಿನ ತೇವಾಂಶವೂ ಅಚ್ಚಾಗಬೇಕು. ದರ ನಿಲ್ಲುವುದೇ ತೇವಾಂಶದ ಮೇಲಾದ್ದರಿಂದ ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೋಡ್ ಬರೆದ ಸಹೋದ್ಯೋಗಿ ಅದನ್ನು ಎರಡು ಗಂಟೆಯಲ್ಲಿ ಮುಗಿಸಿದರು. ಅಂಗಡಿಯ ಪ್ರಿಂಟರಿನಿಂದ ಆ ಅಂಕಿ ಹೊರಬಂದದ್ದು ಮಾತ್ರ 11 ದಿನಗಳ ಮೇಲೆ. "ಏನ್ರಿ, ಒಂದು ಅಂಕಿ ಹಾಕಾಕೆ ಇಷ್ಟು ದಿನ ಬೇಕೇನ್ರಿ?" ಎಂದು ಅಂಗಡಿಯ ಯಜಮಾನರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ತಂತ್ರಾಂಶದ ಕೆಲಸದಲ್ಲಿ ಒಂದು ಅನುಕೂಲವಿದೆ. ಯಾವ ಬದಲಾವಣೆ ಯಾವ ಗಳಿಗೆಯಲ್ಲಿ ಯಾರ ಕೈ ದಾಟಿತೆಂಬುದು ದಾಖಲಾಗಿರುತ್ತದೆ. ಆ ದಾಖಲೆಯನ್ನು ಹಿಂದಕ್ಕೆ ಓದುತ್ತ ಹೋದೆವು. ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪಬೇಕಾದ ರಿವ್ಯೂ ಹಂತದಲ್ಲಿ ಅದು ಮೂರು ದಿನ ಕುಳಿತಿತ್ತು. ಓದಲು ಹಿಡಿದದ್ದು ಕಾಲು ಗಂಟೆ. ಪರೀಕ್ಷೆ ಮಾಡುವವರ ಸರದಿಯಲ್ಲಿ ಮತ್ತೆರಡು ದಿನ ಕಳೆಯಿತು. ಪರೀಕ್ಷೆಗೆ ಬೇಕಾದದ್ದು ಅರ್ಧ ಗಂಟೆ. ಉಳಿದ ಆರು ದಿನ ಅದು ಬೇರೆ ಕೆಲಸಗಳು ಮುಗಿಯಲೆಂದು ಕಾದಿತ್ತು, ಏಕೆಂದರೆ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಕಳಿಸುವುದು ನಮ್ಮ ಪದ್ಧತಿಯಾಗಿತ್ತು. ಒಟ್ಟು ಲೆಕ್ಕ ಹಾಕಿದರೆ ಆ ಕೆಲಸವನ್ನು ಯಾರಾದರೂ ಕೈಯಲ್ಲಿ ಹಿಡಿದಿದ್ದ ಸಮಯ ಮೂರು ಗಂಟೆಗಿಂತ ಕಡಿಮೆ. ಟೈಪ್ ಮಾಡುವ ವೇಗವನ್ನು ಎರಡು ಪಟ್ಟು ಮಾಡಿದ್ದರೂ ಆ 11 ದಿನಗಳಲ್ಲಿ ಒಂದು ಗಂಟೆ ಉಳಿಯುತ್ತಿತ್ತು, ಅಷ್ಟೇ.

ಕಾಯುವಿಕೆಗೆ ಗಣಿತವಿದೆ, ಅದಕ್ಕೆ ನೂರು ವರ್ಷ ದಾಟಿದ ಇತಿಹಾಸವೂ ಇದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಆಗ್ನರ್ ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳ ಸಂಭವನೀಯತೆಯ ಬಗ್ಗೆ ಪ್ರಕಟಿಸಿದ ಲೇಖನದಿಂದ ಸರದಿ ಸಿದ್ಧಾಂತ ಬೆಳೆಯಿತು. ಅದರ ಮುಖ್ಯ ಫಲಿತಾಂಶವನ್ನು ಅರಿಯಲು ಸುಗ್ಗಿಯ ಕಾಲದ ವೇ ಬ್ರಿಡ್ಜ್ ಮುಂದೆ ಒಂದು ಬೆಳಿಗ್ಗೆ ನಿಂತರೆ ಸಾಕು. ಒಂದು ಟ್ರ್ಯಾಕ್ಟರ್ ತೂಗಲು ಸರಾಸರಿ ಐದು ನಿಮಿಷ ಬೇಕು, ಟ್ರ್ಯಾಕ್ಟರುಗಳು ಹೇಳಿ ಕೇಳಿ ಬರದೆ ತಮಗೆ ತೋಚಿದ ಹೊತ್ತಿಗೆ ಬರುತ್ತವೆ, ತೂಗುವ ಸಮಯವೂ ಒಂದೊಂದಕ್ಕೆ ಒಂದೊಂದು ಎಂದಿಟ್ಟುಕೊಳ್ಳೋಣ. ದಿನದ ಅರ್ಧ ಹೊತ್ತು ಮಾತ್ರ ವೇ ಬ್ರಿಡ್ಜಿಗೆ ಕೆಲಸವಿದ್ದರೆ, ಈ ಸಿದ್ಧಾಂತದ ಅತ್ಯಂತ ಸರಳ ಮಾದರಿಯ ಪ್ರಕಾರ, ಬಂದ ಗಾಡಿ ತನ್ನ ಸರದಿಗೆ ಸರಾಸರಿ ಐದು ನಿಮಿಷ ಕಾಯುತ್ತದೆ. ವೇ ಬ್ರಿಡ್ಜಿನ ದುಡಿಮೆ ಶೇ. 80ಕ್ಕೆ ಏರಿದಾಗ ಕಾಯುವಿಕೆ 20 ನಿಮಿಷವಾಗುತ್ತದೆ. ಶೇ. 90ಕ್ಕೆ 45 ನಿಮಿಷ, ಶೇ. 95ಕ್ಕೆ 95 ನಿಮಿಷ. ಕೊನೆಯ ಐದು ಅಂಶದ ದುಡಿಮೆಯನ್ನು ಹಿಂಡಿಕೊಳ್ಳಲು ಸರದಿಯಲ್ಲಿರುವ ಪ್ರತಿಯೊಬ್ಬರ ಕಾಯುವಿಕೆಯೂ ಎರಡು ಪಟ್ಟಿಗಿಂತ ಹೆಚ್ಚಾಯಿತು.

ತಂಡವೊಂದರಲ್ಲಿ ಯಾರೊಬ್ಬರೂ ಒಂದು ಗಳಿಗೆಯೂ ಖಾಲಿ ಕೂರಬಾರದೆಂದು ಬಯಸುವ ಮೇಲಧಿಕಾರಿ ತಿಳಿಯದೆಯೇ ಆ ಶೇ. 95ರ ವೇ ಬ್ರಿಡ್ಜನ್ನು ಕಟ್ಟುತ್ತಿರುತ್ತಾನೆ. ಎಲ್ಲರ ಕೈಯೂ ತುಂಬಿರುವಾಗ ರಿವ್ಯೂಗೆ ಬಂದ ಕೋಡನ್ನು ಓದಲು ಯಾರಿಗೂ ಬಿಡುವಿರುವುದಿಲ್ಲ. ಅದು ಮೂರು ದಿನ ಕೂರುವುದು ಸೋಮಾರಿತನದಿಂದಲ್ಲ, ಮೈಮುರಿಯುವ ದುಡಿಮೆಯಿಂದ. ಇದನ್ನು ಯಜಮಾನರಿಗೆ ಹೇಳಿದ್ದರೆ ನಂಬುತ್ತಿದ್ದರೋ ಇಲ್ಲವೋ, ನಾನಂತೂ ಹೇಳಲು ಹೋಗಲಿಲ್ಲ.

1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿಜ್ಞಾನಿ ಇನ್ನೊಂದು ನಿಯಮಕ್ಕೆ ಗಣಿತದ ಪುರಾವೆ ಕೊಟ್ಟರು. ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಕೆಲಸಗಳಿವೆಯೋ ಅದನ್ನು ಕೆಲಸಗಳು ಮುಗಿಯುವ ದರದಿಂದ ಭಾಗಿಸಿದರೆ ಒಂದು ಕೆಲಸ ಒಳಗೆ ಕಳೆಯುವ ಸರಾಸರಿ ಸಮಯ ಸಿಗುತ್ತದೆ. ತಂಡ ವಾರಕ್ಕೆ ಆರು ಕೆಲಸ ಮುಗಿಸುತ್ತಿದ್ದು, ಅರ್ಧ ಮಾಡಿಟ್ಟದ್ದು, ಕಾಯುತ್ತಿರುವುದು ಎಲ್ಲ ಸೇರಿ 24 ಕೆಲಸಗಳು ತೆರೆದಿದ್ದರೆ, ಪ್ರತಿ ಕೆಲಸಕ್ಕೂ ಸರಾಸರಿ ನಾಲ್ಕು ವಾರ. ಅದೇ ವೇಗದಲ್ಲಿ ದುಡಿಯುತ್ತಲೇ ತೆರೆದ ಕೆಲಸಗಳನ್ನು 12ಕ್ಕೆ ಇಳಿಸಿದರೆ ಎರಡೇ ವಾರ. ಹೊಸದನ್ನು ಕೈಗೆತ್ತಿಕೊಳ್ಳುವ ಮೊದಲು ಹಿಡಿದದ್ದನ್ನು ಮುಗಿಸಬೇಕೆಂಬ ಮನೆಯ ಹಿರಿಯರ ಬುದ್ಧಿಮಾತಿಗೆ ಹೀಗೊಂದು ಸಮೀಕರಣವಿದೆ.

ಕಾಯುವುದೆಲ್ಲ ವ್ಯರ್ಥವೆಂದು ಇದರಿಂದ ತಿಳಿಯಬೇಕಿಲ್ಲ. ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಕೆಲವೇ ಕ್ಷಣಗಳಲ್ಲಿ ಅರಳುತ್ತದೆ. ಅದಕ್ಕೆ ಮೊದಲು ಭತ್ತ ನೆನೆಯಲು, ಒಣಗಲು ಹಿಡಿಯುವ ಹೊತ್ತು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಆ ಹೊತ್ತಿನಲ್ಲಿ ಕಾಳಿನೊಳಗೆ ಒಂದು ಬದಲಾವಣೆ ನಡೆಯುತ್ತದೆ, ಅದಿಲ್ಲದೆ ಮಂಡಕ್ಕಿ ಅರಳದು. ಸರದಿಯಲ್ಲಿ ಕುಳಿತ ಕೋಡ್ ಹದವಾಗುವುದಿಲ್ಲ, ಹಳಸುತ್ತದೆ. ಅಷ್ಟರಲ್ಲಿ ಸುತ್ತಲಿನ ಕೋಡ್ ಬದಲಾಗಿ ಎರಡೂ ಹೊಂದದಂತಾಗುತ್ತವೆ, ಬರೆದವರಿಗೂ ಏಕೆ ಹಾಗೆ ಬರೆದೆವೆಂಬುದು ಮರೆತಿರುತ್ತದೆ.

ಜನರನ್ನು ಸೇರಿಸಿದರೆ ಕೆಲಸ ಬೇಗ ಸಾಗುತ್ತದೆಂಬ ನಂಬಿಕೆಯನ್ನು ಐಬಿಎಂನಲ್ಲಿ ಒಎಸ್/360 ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯ ಯೋಜನೆಯನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಪ್ರಶ್ನಿಸಿದ್ದರು: ಈಗಾಗಲೇ ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಜನ ಹೆಚ್ಚಿದಂತೆ ಪರಸ್ಪರ ಮಾತಾಡಿ ಹೊಂದಿಸಿಕೊಳ್ಳುವ ಹೊರೆ ಇನ್ನೂ ಬೇಗ ಬೆಳೆಯುತ್ತದೆ: ಐವರ ನಡುವೆ ಮಾತುಕತೆಯ ಜೋಡಿಗಳು 10, ಹತ್ತು ಜನರ ನಡುವೆ 45.

ನಮ್ಮ ತಂಡದಲ್ಲಿ ನಿಜವಾದ ಜಗಳ ನಡೆದದ್ದು ಒಟ್ಟಿಗೆ ಕಟ್ಟಿ ಕಳಿಸುವ ಪದ್ಧತಿಯ ಬಗ್ಗೆ. ಪದೇ ಪದೇ ಬದಲಾವಣೆ ಕಳಿಸಿದರೆ ಅಂಗಡಿಗಳಲ್ಲಿ ತೊಂದರೆ ಹೆಚ್ಚುತ್ತದೆ, ಆದ್ದರಿಂದ ನಿಧಾನವೇ ಕ್ಷೇಮ ಎಂಬುದು ಹಲವರ ವಾದವಾಗಿತ್ತು, ಒಂದು ಕಾಲಕ್ಕೆ ನನ್ನದೂ ಆಗಿತ್ತು. 2018ರಲ್ಲಿ ನಿಕೋಲ್ ಫೋರ್ಸ್‌ಗ್ರೆನ್, ಜೆಜ್ ಹಂಬಲ್ ಮತ್ತು ಜೀನ್ ಕಿಮ್ ಹಲವು ವರ್ಷಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ತೋರಿಸಿದ್ದು ಇದಕ್ಕೆ ವಿರುದ್ಧವಾಗಿತ್ತು. ಎಷ್ಟು ಬಾರಿ ಬಳಕೆದಾರರಿಗೆ ಕಳಿಸುತ್ತೀರಿ, ಬರೆದ ಕೋಡ್ ಅವರಿಗೆ ತಲುಪಲು ಎಷ್ಟು ಹೊತ್ತು, ಕಳಿಸಿದ್ದರಲ್ಲಿ ಎಷ್ಟು ಪಾಲು ಕೆಡುತ್ತದೆ, ಕೆಟ್ಟದ್ದು ಸರಿಯಾಗಲು ಎಷ್ಟು ಹೊತ್ತು ಎಂಬ ನಾಲ್ಕು ಅಳತೆಗಳಲ್ಲಿ ವೇಗದ ತಂಡಗಳೇ ಸ್ಥಿರತೆಯಲ್ಲೂ ಮುಂದಿದ್ದವು. ಕಾರಣ ಗೂಢವಾದದ್ದೇನಲ್ಲ: 40 ಬದಲಾವಣೆಗಳನ್ನು ಒಂದೇ ರಾತ್ರಿ ಕಳಿಸಿ ಬೆಳಿಗ್ಗೆ ಪಟ್ಟಿಯ ಮೊತ್ತ ತಪ್ಪಾಗಿ ಬಂದರೆ 40 ಕಡೆ ಹುಡುಕಬೇಕು, ಒಂದನ್ನೇ ಕಳಿಸಿದ್ದರೆ ಹುಡುಕುವ ಪ್ರಶ್ನೆಯೇ ಇಲ್ಲ, ಅದನ್ನು ಹಿಂತೆಗೆದರಾಯಿತು. ಹೀಗೆ ಕಳಿಸಲು ಪ್ರತಿ ಸಲವೂ ಹಳೆಯ ಲೆಕ್ಕಗಳನ್ನೆಲ್ಲ ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆ ಬೇಕು. ಅದನ್ನು ಕಟ್ಟಲು ನಮಗೆ ಎರಡು ತಿಂಗಳು ಹಿಡಿಯಿತು, ಆ ಎರಡು ತಿಂಗಳು ಹೊರಗಿನವರ ಕಣ್ಣಿಗೆ ನಾವು ಏನನ್ನೂ ಮಾಡಲಿಲ್ಲ.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಕೋಡನ್ನು ಗಂಟೆಗಳ ಬದಲು ನಿಮಿಷಗಳಲ್ಲಿ ಬರೆದುಕೊಡುತ್ತಿವೆ. ನಮ್ಮ ಲೆಕ್ಕದಲ್ಲಿ ಅದು ಆ ಎರಡು ಗಂಟೆಯ ಭಾಗ. ಓದುವವರು ಅಷ್ಟೇ ಜನರಿದ್ದು ಬರೆಯುವುದು ಹೆಚ್ಚಾದರೆ ಟ್ರ್ಯಾಕ್ಟರುಗಳು ಹೆಚ್ಚಿ ವೇ ಬ್ರಿಡ್ಜ್ ಒಂದೇ ಉಳಿದಂತೆ. ಹಾಗಾಗಿ ನಮ್ಮಲ್ಲಿ ಬೆಳಿಗ್ಗೆ ಬಂದವರು ಮೊದಲು ಇನ್ನೊಬ್ಬರ ಕೋಡ್ ಓದುತ್ತಾರೆ, ಆಮೇಲೆ ತಮ್ಮದನ್ನು ಬರೆಯುತ್ತಾರೆ. ಒಬ್ಬರ ಕೈಯಲ್ಲಿ ಎರಡಕ್ಕಿಂತ ಹೆಚ್ಚು ಕೆಲಸ ತೆರೆದಿರುವಂತಿಲ್ಲ.

ಮುಂದಿನ ಸುಗ್ಗಿಯಲ್ಲಿ ಅದೇ ಯಜಮಾನರು ಗೋಣಿಚೀಲದ ತೂಕವನ್ನು ಪಟ್ಟಿಯಲ್ಲಿ ಬೇರೆ ಸಾಲಾಗಿ ತೋರಿಸಲು ಕೇಳಿದರು. ಮಾರನೆಯ ಮಧ್ಯಾಹ್ನವೇ ಅದು ಅವರ ಕಂಪ್ಯೂಟರನ್ನು ತಲುಪಿತು. ಫೋನ್ ಮಾಡಿ ತಿಳಿಸಿದರೆ ಅವರಿಗೆ ಗಾಬರಿ: "ವ್ಯಾಪಾರದ ಹೊತ್ತಿನಾಗೆ ಏನೂ ಮುಟ್ಟಬ್ಯಾಡ್ರಿ." ಹೊಸ ಸಾಲನ್ನು ಅವರೇ ಆನ್ ಮಾಡುವವರೆಗೆ ಅದು ಕಾಣದಂತೆ ಇಟ್ಟಿದ್ದೇವೆಂದು ವಿವರಿಸಿದೆ. ಮರುದಿನ ಟೆಂಡರ್ ಶುರುವಾಗುವ ಮುನ್ನ ಒಂದು ಪಟ್ಟಿಯನ್ನು ತೆಗೆದು, ಕ್ಯಾಲ್ಕ್ಯುಲೇಟರಿನಲ್ಲಿ ಎರಡು ಸಲ ಕೂಡಿ ನೋಡಿ, ಅವರೇ ಆನ್ ಮಾಡಿಕೊಂಡರು.