ಹವಳದ ತೊಟ್ಟಿಗೆ ಹಠಮಾರಿ ಪಾಚಿ ಹಿಡಿದರೆ

ಕರಿಮೆಣಸಿನ ಬಳ್ಳಿಯ ಎಲೆ ಹಳದಿಯಾಯಿತೆಂದು ಕೊಡಗಿನ ಬೆಳೆಗಾರರು ನೇರವಾಗಿ ಸ್ಪ್ರೇಯರ್ ಹೆಗಲಿಗೇರಿಸುವುದಿಲ್ಲ. ಬುಡ ಬಿಡಿಸಿ ಬೇರು ನೋಡುತ್ತಾರೆ. ಶೀಘ್ರ ಸೊರಗು ರೋಗವೋ, ನಿಧಾನ ಸೊರಗೋ, ಗೊಬ್ಬರ ಸಾಲದೆ ಬಂದ ಬಣ್ಣವೋ ಎಂದು ತೀರ್ಮಾನವಾದ ಮೇಲಷ್ಟೇ ಮದ್ದು. ಅದೇ ಮನೆಯ ಹಜಾರದಲ್ಲಿ ಉಪ್ಪುನೀರಿನ ಹವಳದ ಅಕ್ವೇರಿಯಂ ಇದ್ದರೆ ಅಲ್ಲಿ ಮಾತ್ರ ಈ ಶಿಸ್ತು ಮರೆತುಹೋಗುತ್ತದೆ. ಕಲ್ಲಿನ ಮೇಲೆ ಹಸಿರೋ ಕಂದೋ ಏನೋ ಒಂದು ಕಂಡರೆ ಎಲ್ಲಕ್ಕೂ ‘ಪಾಚಿ’ ಎಂದು ಒಂದೇ ಹೆಸರು, ಒಂದೇ ಬಾಟಲಿ. ಹಾಗೆ ಕರೆಸಿಕೊಳ್ಳುವುದರಲ್ಲಿ ಕೆಲವು ಪಾಚಿಯೇ ಅಲ್ಲ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಗೊಬ್ಬರವಾಗುವುದೂ ಉಂಟು.

ಮೊದಲು ಗುರುತು. ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ವಾರ ಮರಳಿನ ಮೇಲೆ ಕಾಫಿ ಪುಡಿ ಉದುರಿಸಿದಂತೆ ಕಾಣುವ ಕಂದು ಪದರ ಡಯಾಟಮ್. ನೀರಿನಲ್ಲಿರುವ ಸಿಲಿಕೇಟ್ ತೀರಿದರೆ ತಾನೇ ಹೋಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಾಲಿನ ಕೆನೆಯಂತೆ ಇಡಿಯಾಗಿ ಎದ್ದು ಬರುವ ಕೆಂಪು-ನೇರಳೆ ಹಾಳೆ ಸಯನೋಬ್ಯಾಕ್ಟೀರಿಯಾ. ಅದು ಬ್ಯಾಕ್ಟೀರಿಯಾದ ಜಾತಿ, ನೀರಿನ ಓಟ ಕಡಿಮೆಯಿರುವ ಮೂಲೆಗಳೇ ಅದಕ್ಕೆ ಇಷ್ಟ. ಹಸಿರು ಗಾಜಿನ ಗೋಲಿಯಂತಿರುವುದು ವಲೋನಿಯಾ. ಅದರ ಒಂದೊಂದು ಗುಳ್ಳೆಯೂ ಒಂದೇ ಒಂದು ಜೀವಕೋಶ. ಕೂದಲಿನಂತೆ ಉದ್ದಕ್ಕೆ ಬೆಳೆದು, ನೀರಿನಿಂದ ಎತ್ತಿದರೆ ಆಕಾರವಿಲ್ಲದೆ ಮುದ್ದೆಯಾಗುವುದು ಡರ್ಬೀಸಿಯಾದಂಥ ಕೂದಲು ಪಾಚಿ. ಇದೇ ಬಣ್ಣದ ಇನ್ನೊಂದು ಎಳೆಯನ್ನು ಭೂತಗನ್ನಡಿಯಲ್ಲಿ ನೋಡಿ: ನಡುವೆ ಒಂದು ದಂಟು, ಎರಡೂ ಕಡೆ ಸಾಲಾಗಿ ಗರಿ. ಮಳೆಗಾಲದಲ್ಲಿ ತೆರ್ಮೆ ಸೊಪ್ಪು ಕೊಯ್ದವರಿಗೆ ಈ ಜರಿ ಎಲೆಯ ಆಕಾರ ಹೇಳಿಕೊಡಬೇಕಿಲ್ಲ. ಅದು ಬ್ರಯಾಪ್ಸಿಸ್. ಕೈಯಿಂದ ಕಿತ್ತಷ್ಟೂ ಮತ್ತೆ ಚಿಗುರುವ, ಪಾಚಿ ಮೇಯುವ ಶಂಖುಹುಳುಗಳೂ ಮೂಸಿ ಬಿಡುವ ನಿಜವಾದ ಹಠಮಾರಿ.

ಎಲ್ಲರನ್ನೂ ಏಮಾರಿಸುವುದು ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ. ಕಂದು ಲೋಳೆಯ ದಾರ, ತುದಿಯಲ್ಲಿ ಗಾಳಿಗುಳ್ಳೆ. ರಾತ್ರಿ ಕಡಿಮೆಯಾಗಿ ಮಧ್ಯಾಹ್ನದ ಬೆಳಕಿಗೆ ಮತ್ತೆ ಹಾಜರು. ಡಯಾಟಮ್, ಸಯನೋ, ಡೈನೋ ಮೂರೂ ಕೆಲವೊಮ್ಮೆ ಕಣ್ಣಿಗೆ ಒಂದೇ ಥರ ಕಾಣುವುದರಿಂದ ಒಂದು ಪರೀಕ್ಷೆ ಮಾಡಲೇಬೇಕು, ಇದಕ್ಕೆ ಬೇಕಾಗಿರುವುದು ಕಾಫಿ ಫಿಲ್ಟರ್. ನಮ್ಮ ಸ್ಟೀಲ್ ಫಿಲ್ಟರ್ ಅಲ್ಲ, ಕಾಗದದ್ದು. ಸೂಜಿ ತೆಗೆದ ಸಿರಿಂಜಿನಿಂದ ಆ ಲೋಳೆಯನ್ನು ತೊಟ್ಟಿಯ ನೀರಿನ ಸಮೇತ 30-40 ಮಿ.ಲೀ. ಎಳೆದು ಸಣ್ಣ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಒಂದೆರಡು ನಿಮಿಷ ಜೋರಾಗಿ ಕುಲುಕಿ. ಕಾಗದದ ಮೂಲಕ ಗಾಜಿನ ಲೋಟಕ್ಕೆ ಸೋಸಿ. ಇಳಿದ ನೀರು ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ಲೋಟವನ್ನು ತೊಟ್ಟಿಯ ದೀಪದ ಕೆಳಗೆ ಅರ್ಧದಿಂದ ಒಂದು ಗಂಟೆ ಅಲುಗಾಡಿಸದೆ ಬಿಡಿ. ಆ ತಿಳಿನೀರಿನಲ್ಲೇ ಕಂದು ಎಳೆಗಳು ಮತ್ತೆ ಕೂಡಿಕೊಂಡರೆ ಡೈನೋ. ಬಿಡಿಬಿಡಿ ಕೋಶಗಳು ಕಾಗದದ ರಂಧ್ರ ದಾಟಿ, ಬೆಳಕಿನಲ್ಲಿ ಲೋಳೆ ಸುರಿಸಿ ಒಂದನ್ನೊಂದು ಹಿಡಿದುಕೊಂಡಿವೆ ಎಂದರ್ಥ. ಏನೂ ಆಗದಿದ್ದರೆ ಬಹುತೇಕ ಡಯಾಟಮ್ ಅಥವಾ ಸಯನೋ. ಶಾಲೆಯ ಪ್ರಯೋಗಾಲಯದಲ್ಲಿರುವಂಥ 400 ಪಟ್ಟು ದೊಡ್ಡದು ಮಾಡುವ ಸೂಕ್ಷ್ಮದರ್ಶಕ ಸಿಕ್ಕರೆ ಇನ್ನೂ ಒಳ್ಳೆಯದು. ಎಳ್ಳಿನ ಆಕಾರದ ಕೋಶ ಒಂದು ಬಿಂದುವಿಗೆ ಕಟ್ಟಿಹಾಕಿದಂತೆ ಗಿರಕಿ ಹೊಡೆಯುತ್ತಿದ್ದರೆ ಆಸ್ಟ್ರಿಯಾಪ್ಸಿಸ್, ಜಾರುತ್ತಾ ಓಡಾಡುತ್ತಿದ್ದರೆ ಆಂಫಿಡಿನಿಯಂ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಹಸಿರು ಪಾಚಿಯ ವಿಚಾರ. ಅದು ಎಲ್ಲಿಂದಲೋ ಬಂದ ಶಾಪವಲ್ಲ, ನಾವೇ ಹಾಕಿದ ಮೀನಿನ ಆಹಾರದ ಇನ್ನೊಂದು ರೂಪ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯಲ್ಲಿ ಕಲ್ಲು, ಮರಳು ಕಳೆದರೆ ಸುಮಾರು 200 ಲೀಟರ್ ನೀರು ನಿಲ್ಲುತ್ತದೆ. ಒಣ ಆಹಾರದಲ್ಲಿ ರಂಜಕ ಸುಮಾರು 1%. ಅಂದರೆ 1 ಗ್ರಾಂ ಆಹಾರದಲ್ಲಿ 10 ಮಿ.ಗ್ರಾಂ. ರಂಜಕ, ಫಾಸ್ಫೇಟ್ ಲೆಕ್ಕದಲ್ಲಿ 30 ಮಿ.ಗ್ರಾಂ. 200 ಲೀಟರಿಗೆ ಹಂಚಿದರೆ 0.15 ಪಿಪಿಎಂ (ಲೀಟರಿಗೆ ಇಷ್ಟು ಮಿ.ಗ್ರಾಂ. ಎಂದರ್ಥ). ಹವಳದ ತೊಟ್ಟಿಯಲ್ಲಿ ನಾವು ಬಯಸುವ ಫಾಸ್ಫೇಟ್ ಮಟ್ಟ 0.03ರಿಂದ 0.1. ಮೀನಿನ ಮೈಗೆ ಒಂದು ಪಾಲು ಹೋಗುತ್ತದೆ, ನಿಜ. ಆದರೂ ಮಕ್ಕಳ ಒಂದು ಚಿಟಿಕೆ, ಅಜ್ಜನ ಒಂದು ಚಿಟಿಕೆ ಸೇರಿ ದಿನಕ್ಕೆ 2 ಗ್ರಾಂ ಆದರೆ ಉಳಿದದ್ದನ್ನು ಯಾರು ತಿನ್ನಬೇಕು? ಹೆಪ್ಪುಗಟ್ಟಿದ ಸೀಗಡಿಯಾದರೆ ಕರಗಿಸಿ, ಬಲೆಯಲ್ಲಿ ತೊಳೆದು, ಆ ನೀರು ಚೆಲ್ಲಿ ಹಾಕಿ.

‘ಟೆಸ್ಟ್ ಮಾಡಿದರೆ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ, ಆದರೂ ಪಾಚಿ’ ಎಂಬ ದೂರು ಸಾಮಾನ್ಯ. ಅದರಲ್ಲಿ ಆಶ್ಚರ್ಯವಿಲ್ಲ. ಹುಲ್ಲುಗಾವಲಿನಷ್ಟು ಪಾಚಿ ಕ್ಷಣಕ್ಷಣಕ್ಕೂ ಹೀರಿಕೊಳ್ಳುತ್ತಿದ್ದರೆ ನೀರಿನಲ್ಲಿ ಉಳಿಯುವುದೇನು? ಇನ್ನೊಂದು ಎಡವಟ್ಟು ಮಾಪಕದ್ದು. ಕೆಲವು ಡಿಜಿಟಲ್ ಮಾಪಕಗಳು ಫಾಸ್ಫೇಟ್ ಬದಲು ರಂಜಕವನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದಲ್ಲೊಂದು ಪಾಲು) ತೋರಿಸುತ್ತವೆ. ಆ ಅಂಕಿಯನ್ನು 3.07ರಿಂದ ಗುಣಿಸಿ 1000ದಿಂದ ಭಾಗಿಸಬೇಕು. ಪರದೆಯ ಮೇಲಿನ 20 ಎಂದರೆ 0.06 ಪಿಪಿಎಂ ಫಾಸ್ಫೇಟ್.

ಎರಡನೇ ಮೂಲ ನೀರು. ಕೊಡಗಿನಲ್ಲಿ ನೀರಿಗೇನು ಬರ, ಬಾವಿ ನೀರು ಸ್ಫಟಿಕದಂತಿದೆ, ಟಿಡಿಎಸ್ 50 ಕೂಡ ಇಲ್ಲ ಎನ್ನುವವರು ಬಹಳ. ಟಿಡಿಎಸ್ ಮಾಪಕ ಎಷ್ಟು ಕರಗಿದೆ ಎನ್ನುತ್ತದೆ, ಏನು ಕರಗಿದೆ ಎನ್ನುವುದಿಲ್ಲ. ತೋಟದ ಇಳಿಜಾರಿನ ಬಾವಿಗೆ ಯೂರಿಯಾದ ಪಾಲೂ ಇಳಿದಿರಬಹುದು. ಆ ನೀರಿನಲ್ಲಿ 10 ಪಿಪಿಎಂ ನೈಟ್ರೇಟ್ ಇದ್ದು, ಆವಿಯಾದದ್ದಕ್ಕೆ ಬದಲಾಗಿ ದಿನಕ್ಕೆ 3 ಲೀಟರ್ ಸುರಿದರೆ ತಿಂಗಳಿಗೆ ನಾಲ್ಕೂವರೆ ಪಿಪಿಎಂ ಸೇರಿತು. ಆವಿಯಾಗುವುದು ನೀರು ಮಾತ್ರ, ನೈಟ್ರೇಟ್ ತೊಟ್ಟಿಯಲ್ಲೇ ಕೂರುತ್ತದೆ. ಅಡುಗೆಮನೆಯ ಆರ್‌ಓ ಯಂತ್ರವೂ ನೇರವಾಗಿ ಸಾಲದು: ರುಚಿಗೆಂದು ಸ್ವಲ್ಪ ಹಸಿನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್, ಖನಿಜ ಸೇರಿಸುವ ಕಾರ್ಟ್ರಿಜ್ ಎರಡೂ ಅದರಲ್ಲಿರುತ್ತವೆ. ಅವನ್ನು ದಾಟಿಸಿ, ಮೆಂಬ್ರೇನ್‌ನಿಂದ ಹೊರಟ ನೀರನ್ನು, ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಮೂಲಕ ಹಾಯಿಸಿ ಟಿಡಿಎಸ್ ಸೊನ್ನೆಗೆ ತನ್ನಿ. ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ನುಸುಳುವುದು ಸಿಲಿಕೇಟ್. ಹಳೆಯ ತೊಟ್ಟಿಯಲ್ಲಿ ದಿಢೀರನೆ ಡಯಾಟಮ್ ಕಂಡರೆ ರೆಸಿನ್ ಬದಲಿಸುವ ಕಾಲ ಬಂದಿದೆ.

ಮಂಗಳೂರಿಗೆ ಹೋದವರು ಕ್ಯಾನಿನಲ್ಲಿ ಕಡಲ ನೀರು ತರುವುದೂ ಇದೆ. ಪುಷ್ಪಗಿರಿಯ ಮಳೆ ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಮಂಗಳೂರಿನಲ್ಲೇ ಕಡಲಿಗೆ ಬೀಳುತ್ತದೆ. ಮಳೆಗಾಲದಲ್ಲಿ ದಡದಿಂದ ತುಂಬಿದ ಕ್ಯಾನಿನಲ್ಲಿ ನಮ್ಮದೇ ಘಟ್ಟದ ಮಣ್ಣು, ಗೊಬ್ಬರ ವಾಪಸು ಬಂದಂತೆ. ಶುದ್ಧ ನೀರಿಗೆ ಲೀಟರಿಗೆ 36-38 ಗ್ರಾಂ ಅಕ್ವೇರಿಯಂ ಉಪ್ಪು ಬೆರೆಸಿ, 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ 1.026 ಬರುವಂತೆ ಮಾಡಿಕೊಳ್ಳುವುದೇ ಲೇಸು. ಕಡಲಿನಿಂದ ಹವಳ ಕಿತ್ತು ತರುವ ಮಾತಂತೂ ಬೇಡ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ನೀರಿನ ಮಾತು ಬಂದಾಗ ಕೊಡಗಿಗೇ ವಿಶೇಷವಾದ ಅಪಾಯ ಒಂದಿದೆ: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕೆರೆಯ ಪಾಚಿಗೆ ಮೈಲುತುತ್ತ ಎರಚುವುದನ್ನು ಕಂಡವರಿಗೆ ತೊಟ್ಟಿಗೂ ಒಂದು ಹರಳು ಹಾಕೋಣ ಎನಿಸೀತು. ತಾಮ್ರ 0.15 ಪಿಪಿಎಂ ಆದರೂ ಸಾಕು, ಶಂಖು, ಸೀಗಡಿ, ಹವಳ ಯಾವುದೂ ಉಳಿಯುವುದಿಲ್ಲ. 200 ಲೀಟರಿಗೆ ಅದು ಬರೀ 30 ಮಿ.ಗ್ರಾಂ. ತಾಮ್ರ. ತೋಟಕ್ಕೆ ಸಿಂಪಡಿಸುವ 1% ಬೋರ್ಡೊ ದ್ರಾವಣದಲ್ಲಿ ಲೀಟರಿಗೆ 10 ಗ್ರಾಂ ಮೈಲುತುತ್ತ, ಅದರಲ್ಲಿ ತಾಮ್ರ ಎರಡೂವರೆ ಗ್ರಾಂ. ಅಂದರೆ 12 ಮಿ.ಲೀ. ದ್ರಾವಣದಲ್ಲೇ ಆ 30 ಮಿ.ಗ್ರಾಂ. ಇದೆ. ಬೋರ್ಡೊ ಕಲಸಿದ ಡ್ರಮ್ಮನ್ನು ಎಷ್ಟೇ ತೊಳೆದರೂ ಉಪ್ಪುನೀರಿಗೆ ಬಳಸಬೇಡಿ. ಹೊಸ ಡ್ರಮ್ ತನ್ನಿ, ಮೇಲೆ ದೊಡ್ಡದಾಗಿ ಬರೆದಿಡಿ.

ಒಳಬರುವುದನ್ನು ಕಟ್ಟಿದ ಮೇಲೆ ಒಳಗಿರುವುದನ್ನು ತೆಗೆಯಬೇಕು. ಇಲ್ಲಿ ಕೈಗಿಂತ ದೊಡ್ಡ ಸಾಧನವಿಲ್ಲ. ನೀರು ಬದಲಿಸುವ ದಿನ 8-10 ಮಿ.ಮೀ. ಒಳವ್ಯಾಸದ ಕೊಳವೆಯನ್ನು ಎಡಗೈಯಲ್ಲಿ ಪಾಚಿಯ ಬುಡಕ್ಕೇ ಹಿಡಿದು ಬಲಗೈಯಿಂದ ಕೀಳುತ್ತಾ ಹೋಗಿ. ಎಳೆ ತೇಲಿಹೋದರೆ ಇನ್ನೊಂದು ಕಲ್ಲಿನಲ್ಲಿ ನೆಟ್ಟಂತೆ. ಎತ್ತಬಹುದಾದ ಕಲ್ಲನ್ನು ಹೊರಗೆ ತೆಗೆದು, ಬದಲಿಸಿ ತೆಗೆದ ಉಪ್ಪುನೀರಿನ ಬಕೆಟ್ಟಿನಲ್ಲಿ ಗಟ್ಟಿ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಉಳಿದ ಬುಡಕ್ಕೆ ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 6%ದ್ದು, ಸಮಪಾಲು ಶುದ್ಧ ನೀರು ಬೆರೆಸಿದರೆ 3%. ಸಿರಿಂಜಿನಿಂದ ಹವಳಕ್ಕೆ ತಾಗದಂತೆ ತೊಟ್ಟಿಕ್ಕಿಸಿ, ನೊರೆ ಏಳಲಿ, ಎರಡು ಮೂರು ನಿಮಿಷ ಬಿಟ್ಟು ಉಪ್ಪುನೀರಿನಲ್ಲಿ ಜಾಲಿಸಿ ವಾಪಸು ಇಡಿ. ಕೆಲವೇ ದಿನಗಳಲ್ಲಿ ಬೆಳ್ಳಗಾಗುತ್ತದೆ. ಗ್ಲೌಸ್, ಕನ್ನಡಕ ಕಡ್ಡಾಯ. ಝೋಆಂಥಿಡ್ ಎಂಬ ಗುಂಡಿಯಂಥ ಹವಳಬಂಧುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಪಾಚಿ ಸಾಯಲೆಂದು ಅಂಥ ಕಲ್ಲಿಗೆ ಕುದಿಯುವ ನೀರು ಸುರಿದರೆ ವಿಷ ಹಬೆಯೊಂದಿಗೆ ಶ್ವಾಸಕ್ಕೆ ಹೋಗುತ್ತದೆ.

ವಾರಕ್ಕೆ 10% ನೀರು ಬದಲಿಸಿದರಷ್ಟೇ ಸಾಕು ಎಂಬ ನಂಬಿಕೆಗೂ ಲೆಕ್ಕ ಒಗ್ಗುವುದಿಲ್ಲ. ನೈಟ್ರೇಟ್ 40 ಇದ್ದದ್ದು 36ಕ್ಕೆ ಇಳಿಯುತ್ತದೆ, ಅಷ್ಟೇ. ಅದಕ್ಕಿಂತ ಜಾಣತನ, ಪಾಚಿಯನ್ನೇ ಪಾಚಿಯ ವಿರುದ್ಧ ಬೆಳೆಸುವುದು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ರೂಪಿಸಿದ ‘ಆಲ್ಗಲ್ ಟರ್ಫ್ ಸ್ಕ್ರಬ್ಬರ್’ ಇದೇ: ಒರಟು ಜಾಲರಿಯ ಮೇಲೆ ನೀರು ತೆಳ್ಳಗೆ ಹರಿಸಿ, ಪ್ರಖರ ಬೆಳಕು ಕೊಟ್ಟು, ಬೆಳೆದ ಪಾಚಿಯನ್ನು ವಾರಕ್ಕೊಮ್ಮೆ ಕೆರೆದು ಎಸೆಯುವುದು. ಸರಳ ರೂಪ ಬೇಕಾದರೆ ತೊಟ್ಟಿಯ ಕೆಳಗಿನ ಸಂಪಿನಲ್ಲಿ (ಅಂಗಳದ ಸಂಪಲ್ಲ!) ಪಾತ್ರೆ ಉಜ್ಜುವ ನಾರಿನಂತಿರುವ ಕೀಟೋಮಾರ್ಫಾ ಎಂಬ ಪಾಚಿ ಬೆಳೆಸಿ, ರಾತ್ರಿ ದೀಪ ಹಾಕಿ, ಹೆಚ್ಚಾದದ್ದನ್ನು ಕೊಯ್ದು ತೆಗೆಯಿರಿ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಜಿಎಫ್‌ಓ ಹಾಕುವುದಾದರೆ ಹೇಳಿದ ಪ್ರಮಾಣದ ಅರ್ಧದಿಂದ ಶುರುಮಾಡಿ. ಒಮ್ಮೆಲೇ ಇಳಿಸಿದರೆ ಹವಳದ ಮಾಂಸ ಬುಡದಿಂದ ಸುಲಿಯುತ್ತದೆ. ಕಲ್ಲಿನ ಸುಣ್ಣ ಹಳೆಯ ಫಾಸ್ಫೇಟನ್ನು ಹಿಡಿದಿಟ್ಟುಕೊಂಡು, ನೀರಿನಲ್ಲಿ ಇಳಿದಂತೆಲ್ಲ ಮತ್ತೆ ಬಿಡುತ್ತದೆ. ಹಾಗಾಗಿ ಇದು ತಿಂಗಳುಗಳ ಕೆಲಸ.

ಬ್ರಯಾಪ್ಸಿಸ್ ಮಾತ್ರ ಇದ್ಯಾವುದಕ್ಕೂ ಜಗ್ಗದೆ ಇರಬಹುದು. ಅದಕ್ಕೆ ಹವ್ಯಾಸಿಗಳಲ್ಲಿ ರೂಢಿಯಾಗಿರುವುದು ಮನುಷ್ಯರ ಶಿಲೀಂಧ್ರ ಸೋಂಕಿನ ಮದ್ದು ಫ್ಲುಕೋನಜೋಲ್, ಲೀಟರಿಗೆ ಸುಮಾರು 5 ಮಿ.ಗ್ರಾಂ. 150 ಮಿ.ಗ್ರಾಂ. ಕ್ಯಾಪ್ಸೂಲ್ ಒಂದಕ್ಕೆ 30 ಲೀಟರ್, 200 ಲೀಟರಿಗೆ ಏಳು. ಚೀಟಿ ಇಲ್ಲದೆ ಕೊಡುವ ಮದ್ದಲ್ಲ ಇದು. ಪುಡಿಯನ್ನು ತೊಟ್ಟಿಯ ನೀರಿನಲ್ಲಿ ಕದಡಿ, ಓಟ ಜೋರಾಗಿರುವಲ್ಲಿ ಸುರಿಯಿರಿ. ಮೊದಲೇ ಫಿಲ್ಟರ್‌ನ ಇದ್ದಿಲು ತೆಗೆದಿರಬೇಕು, ನೀರಿನ ಸೂಕ್ಷ್ಮಜೀವಿ ಕೊಲ್ಲುವ ಯುವಿ ದೀಪ ಆರಿಸಿರಬೇಕು. ಮೊದಲ ವಾರ ಏನೂ ಕಾಣದೆಂದು ಇನ್ನೊಂದು ಡೋಸ್ ಹಾಕುವುದೇ ದೊಡ್ಡ ತಪ್ಪು. ಎಳೆಗಳು ಬಿಳಿಚಿ ಉದುರಲು 14ರಿಂದ 21 ದಿನ ಬೇಕು. ಉದುರಿದ್ದನ್ನು ಆಗಾಗ ಹೀರಿ ತೆಗೆಯದಿದ್ದರೆ ಅದು ಕೊಳೆತು ಮುಂದಿನ ಪಾಚಿಗೆ ಗೊಬ್ಬರ. ಕೊನೆಗೆ 20-30% ನೀರು ಬದಲಿಸಿ ಇದ್ದಿಲು ಹಾಕಿ. ಸಯನೋಗೂ ಡೈನೋಗೂ ಇದು ನಾಟುವುದಿಲ್ಲ.

ಡೈನೋದ್ದು ಎಲ್ಲವೂ ತಿರುಗುಮುರುಗು. ಅದು ಹೆಚ್ಚಾಗಿ ಬರುವುದು ನೈಟ್ರೇಟ್, ಫಾಸ್ಫೇಟ್ ನಿಜವಾಗಿಯೂ ಸೊನ್ನೆ ಮುಟ್ಟಿದ, ಅತಿ ಸ್ವಚ್ಛ ತೊಟ್ಟಿಗೆ. ಉಳಿದ ಸೂಕ್ಷ್ಮಜೀವಿಗಳು ಹಸಿವಿನಿಂದ ಹಿಂದೆ ಸರಿದ ಜಾಗದಲ್ಲಿ ಅದು ಹಬ್ಬುತ್ತದೆ. ಪಾಚಿಯೆಂದು ತಿಳಿದು ಆಹಾರ ಇಳಿಸಿ, ನೀರು ಬದಲಿಸಿ, ಜಿಎಫ್‌ಓ ಹಾಕಿದರೆ ಬೆಂಕಿಗೆ ತುಪ್ಪ. ಮಾಡಬೇಕಾದದ್ದು ಜಿಎಫ್‌ಓ ತೆಗೆದು, ಆಹಾರ ಹೆಚ್ಚಿಸಿ, ನೈಟ್ರೇಟನ್ನು 5-10ಕ್ಕೂ ಫಾಸ್ಫೇಟನ್ನು 0.1ರ ಹತ್ತಿರಕ್ಕೂ ಏರಿಸುವುದು. 1 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ 200 ಲೀಟರಿಗೆ 3 ಪಿಪಿಎಂ ಕೊಡುತ್ತದೆ. ತೋಟಕ್ಕೆ ತರುವ 13:0:45 ಗೊಬ್ಬರವೂ ಅದೇ ಲವಣ, ಆದರೆ ತೊಟ್ಟಿಗೆ ಪ್ರಯೋಗಾಲಯದ ಶುದ್ಧ ದರ್ಜೆಯದ್ದೇ ಇರಲಿ. ಆಸ್ಟ್ರಿಯಾಪ್ಸಿಸ್ ರಾತ್ರಿ ಕಲ್ಲು ಬಿಟ್ಟು ನೀರಿಗಿಳಿಯುವುದರಿಂದ 200 ಲೀಟರಿಗೆ 18 ವ್ಯಾಟ್ ಆಸುಪಾಸಿನ ಯುವಿ ದೀಪ ಅದನ್ನು ಹಿಡಿಯುತ್ತದೆ. ಮರಳಿನಲ್ಲೇ ಕೂರುವ ಆಂಫಿಡಿನಿಯಂ ಮೇಲೆ ಆ ದುಡ್ಡು ದಂಡ. ಅಲ್ಲಿ ಸಿಲಿಕೇಟ್ ಕೊಟ್ಟು ಡಯಾಟಮ್ ಬೆಳೆಸಿ ಪೈಪೋಟಿಗೆ ಬಿಡುತ್ತಾರೆ.

ಸಯನೋಗೆ ಮೂಲೆಗಳಿಗೆ ನೀರಿನ ಓಟ ತಿರುಗಿಸಿ, ಹಾಳೆ ಹೀರಿ ತೆಗೆದು, ಮೂರು ದಿನ ತೊಟ್ಟಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿದರೆ ಎಷ್ಟೋ ವಾಸಿ. ಹವಳಕ್ಕೆ ಮೂರು ದಿನದ ಕತ್ತಲು ಲೆಕ್ಕಕ್ಕಿಲ್ಲ, ಮೋಡದ ದಿನಗಳಿದ್ದಂತೆ.

ಕತ್ತಲಾಗಲಿ, ಮದ್ದಾಗಲಿ, ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ, ಮಳೆ ಕಳೆದ ಮೇಲಕ್ಕೆ ಮುಂದೂಡಿ. ಸಾಯುವ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕ ಖಾಲಿ ಮಾಡುತ್ತವೆ. ಅದೇ ಹೊತ್ತಿಗೆ ಮರ ಬಿದ್ದು ತಂತಿ ತುಂಡಾಗಿ ಇಡೀ ರಾತ್ರಿ ಕರೆಂಟ್ ಹೋದರೆ ಬೆಳಗಾಗುವಷ್ಟರಲ್ಲಿ ಮೀನುಗಳು ಮೇಲ್ಮೈಯಲ್ಲಿ ಬಾಯಿ ಬಿಡುತ್ತಿರುತ್ತವೆ. ಮುಂದೂಡಲಾಗದಿದ್ದರೆ ಮನೆಯ ಇನ್ವರ್ಟರ್‌ಗೆ ನೀರು ಕಲಕುವ ಪಂಪ್ ಒಂದನ್ನಷ್ಟೇ ಜೋಡಿಸಿ. ಹೀಟರ್ ಜೋಡಿಸಿದರೆ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಬಿಸಿ ಉಳಿಸಲು ತೊಟ್ಟಿಯ ಮೂರು ಬದಿಗೆ ಅದೇ ಕಂಬಳಿ ಸುತ್ತಿ, ಮೇಲ್ಭಾಗ ಗಾಳಿಗೆ ತೆರೆದಿಡಿ.