ತೀರ್ವೆ (ಭೂತೆರಿಗೆ) ರಶೀದಿ ಮಾರುವವರ ಹೆಸರಿನಲ್ಲೇ ಇದೆ, ಜಾಗ ಕೊಳ್ಳಲು ಅಷ್ಟು ಸಾಲದೇ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ ಹಳೆ ಹಂಚಿನ ಮನೆ ಇರುವ 12 ಸೆಂಟ್ಸ್ ಜಾಗ ನೋಡಿದ್ದೇವೆ. ಆಧಾರದ (ಜಾಗದ ರಿಜಿಸ್ಟರ್ ಆದ ಹಕ್ಕುಪತ್ರದ) ಝೆರಾಕ್ಸ್ ತೋರಿಸಿದ್ದಾರೆ. ಈ ವರ್ಷದ ತೀರ್ವೆ ರಶೀದಿಯೂ ಅವರ ಹೆಸರಿನಲ್ಲೇ ಇದೆ. ಅಡ್ವಾನ್ಸ್ ಕೊಡಬಹುದಾ? ಆಧಾರ ಮಲಯಾಳದಲ್ಲಿದೆ, ನಮಗೆ ಓದಲು ಬರುವುದಿಲ್ಲ.

ಉತ್ತರ: ಈಗಲೇ ಕೊಡಬೇಡಿ. ಕಾಸರಗೋಡು, ಮಂಜೇಶ್ವರ ಕಡೆ ಮನೆ ಕೊಳ್ಳುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದೇ. ತೀರ್ವೆ ರಶೀದಿ ಹೇಳುವುದು ಒಂದೇ ಮಾತು: ಈ ಜಾಗದ ತೆರಿಗೆ ಇವರಿಂದ ಬಂದಿದೆ. ಹಕ್ಕು ಯಾರದ್ದು ಅಂತ ಅದು ಹೇಳುವುದಿಲ್ಲ. ತೆರಿಗೆ ಕಟ್ಟಿದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ.

ಮೊದಲು ನೋಡಬೇಕಾದದ್ದು ಜಾಗ ಸರಕಾರದ ದಾಖಲೆಯಲ್ಲಿ ಏನಾಗಿದೆ ಅಂತ. ಗದ್ದೆಯೋ, ಹಿತ್ತಿಲೋ (ಮನೆ, ತೋಟದ ಒಣ ಜಾಗವೋ)? ನಮ್ಮಲ್ಲಿ ಜನ ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಕೇರಳದಲ್ಲಿ 2008ರಿಂದ ಭತ್ತದ ಗದ್ದೆ ಮತ್ತು ಜೌಗು ಭೂಮಿ ಉಳಿಸುವ ಕಾನೂನು ಇದೆ. ಅದರಡಿ ಪ್ರತಿ ಪಂಚಾಯತಿನ ಗದ್ದೆಗಳ ಪಟ್ಟಿ ಮಾಡಿದ್ದಾರೆ, ಅದಕ್ಕೆ ಡಾಟಾ ಬ್ಯಾಂಕ್ ಅನ್ನುತ್ತಾರೆ. ನಿಮ್ಮ ಜಾಗ ಅದರಲ್ಲಿದ್ದರೆ ಮನೆ ಕಟ್ಟಲು ಪಂಚಾಯತ್ ಪರ್ಮಿಟ್ ಸುಲಭವಾಗಿ ಸಿಗುವುದಿಲ್ಲ. ಬ್ಯಾಂಕ್ ಸಾಲಕ್ಕೂ ತೊಡಕು.

ಕಣ್ಣಿಗೆ ಇದು ಕಾಣುವುದಿಲ್ಲ. ಎಂದೋ ಕೆಂಪು ಮಣ್ಣು ತುಂಬಿಸಿ, ನಾಲ್ಕು ತೆಂಗಿನ ಸಸಿ ನೆಟ್ಟು, ಕಗ್ಗಲ್ಲಿನ ಕಾಂಪೌಂಡ್ ಕಟ್ಟಿದ್ದರೆ ಅದು ಯಾರಿಗಾದರೂ ಹಿತ್ತಿಲೇ. ವಿಲೇಜ್ ಆಫೀಸಿನ ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನಲ್ಲಿ (ಭೂತೆರಿಗೆ ಪುಸ್ತಕದಲ್ಲಿ) ಮಾತ್ರ ಅದು ಇನ್ನೂ 'ನಿಲಂ', ಅಂದರೆ ಗದ್ದೆ. ಹಳೆ ಮನೆ ಇದೆಯಲ್ಲಾ ಅಂತ ಸುಮ್ಮನಾಗಬೇಡಿ. ಅದನ್ನು ಕೆಡವಿ ಹೊಸದು ಕಟ್ಟಲು ಹೊರಟಾಗ ವಿಷಯ ಹೊರಬರುತ್ತದೆ. ಸರ್ವೆ ನಂಬರ್ ಹಿಡಿದು ವಿಲೇಜ್ ಆಫೀಸಿಗೂ ಕೃಷಿ ಭವನಕ್ಕೂ ನೀವೇ ಹೋಗಿ. ರಿಜಿಸ್ಟರಿನಲ್ಲಿ 'ಪುರಯಿಡಂ', ಅಂದರೆ ಹಿತ್ತಿಲು ಅಂತ ಇದ್ದು, ಡಾಟಾ ಬ್ಯಾಂಕಿನಲ್ಲಿ ಆ ನಂಬರ್ ಇಲ್ಲದಿದ್ದರೆ ದೊಡ್ಡ ತಲೆನೋವು ಕಳೆಯಿತು.

ಗದ್ದೆ ಅಂತಲೇ ಇದ್ದರೆ? ತಪ್ಪಾಗಿ ಡಾಟಾ ಬ್ಯಾಂಕಿಗೆ ಸೇರಿದ ಜಾಗವನ್ನು ತೆಗೆಸಲು ಫಾರ್ಮ್ 5, ಡಾಟಾ ಬ್ಯಾಂಕಿನಲ್ಲಿ ಇಲ್ಲದೆ ರಿಜಿಸ್ಟರಿನಲ್ಲಿ ಮಾತ್ರ ಗದ್ದೆ ಆಗಿರುವ ಸಣ್ಣ ಜಾಗಕ್ಕೆ ಫಾರ್ಮ್ 6. ಎರಡಕ್ಕೂ ಸಮಯ ಹಿಡಿಯುತ್ತದೆ. ಇದನ್ನು ಮಾರುವವರೇ ಮುಗಿಸಿ ಕೊಡಲಿ. "ಮನೆ ಇಲ್ಲದವರಿಗೆ 10 ಸೆಂಟ್ಸ್ ಗದ್ದೆಯಲ್ಲಿ ಕಟ್ಟಲು ಬಿಡುತ್ತಾರೆ, ನೀವು ತೆಗೊಳ್ಳಿ" ಅಂತ ಬ್ರೋಕರ್ ಹೇಳಬಹುದು. ಆ ರಿಯಾಯಿತಿ ಇರುವುದು ಮನೆಗೆ ಬೇರೆ ಜಾಗವೇ ಇಲ್ಲದ ಗದ್ದೆಯ ಮಾಲೀಕರಿಗೆ, ಅದೂ ಗದ್ದೆ ಕಾನೂನಿನ ಸ್ಥಳೀಯ ಸಮಿತಿ ಒಪ್ಪಿದರೆ. ಅದನ್ನು ನಂಬಿ ಹೊಸದಾಗಿ ದುಡ್ಡು ಹಾಕಬೇಡಿ.

ಇನ್ನೊಂದು ನಮ್ಮ ಊರಿನದ್ದೇ ತೊಡಕು, ಕುಮ್ಕಿ, ಅಂದರೆ ವರ್ಗ (ಖಾಸಗಿ ಹಕ್ಕಿನ) ಜಾಗಕ್ಕೆ ತಾಗಿಕೊಂಡು, ಸೊಪ್ಪು ಸೌದೆಗೆ ಬಳಸುವ ಸರಕಾರಿ ಜಾಗ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿತ್ತು, ಮದ್ರಾಸಿನ ಕಾಲದ ವರ್ಗ, ಕುಮ್ಕಿ ಎಲ್ಲ ಹಾಗೆಯೇ ಉಳಿದು ಬಂದಿವೆ. ಕುಮ್ಕಿಯಲ್ಲಿ ಸೊಪ್ಪು ಕಡಿದುಕೊಂಡು ಬಂದಿರಬಹುದು, ತಲೆಮಾರಿನಿಂದ ಬೇಲಿಯೂ ಇರಬಹುದು. ಆದರೆ ಜಾಗ ಸರಕಾರದ್ದು. ಮನೆ ವರ್ಗದಲ್ಲಿ, ಬಾವಿಯೂ ದಾರಿಯೂ ಕುಮ್ಕಿಯಲ್ಲಿ ಇದ್ದರೆ ಏನು ಗತಿ? ಹಾಗಾಗಿ ಕಾಂಪೌಂಡ್ ನೋಡಿ ಅಳತೆ ನಂಬಬೇಡಿ. ಆಧಾರದಲ್ಲಿ ಸೆಂಟ್ಸ್ ಜೊತೆ ಅಥವಾ ಅದರ ಬದಲು ಹೆಕ್ಟೇರ್, ಆರ್ (100 ಚದರ ಮೀಟರ್) ಲೆಕ್ಕ ಇರುತ್ತದೆ. ಒಂದು ಸೆಂಟ್ ಅಂದರೆ ಸುಮಾರು 40.47 ಚದರ ಮೀಟರ್. ನಿಮ್ಮ 12 ಸೆಂಟ್ಸ್ ಆಗಬೇಕಾದರೆ 4.86 ಆರ್ ಹತ್ತಿರ ಇರಬೇಕು. ಸರ್ವೆಯರ್ ಕರೆಸಿ, ನೆರೆಕರೆಯವರನ್ನೂ ನಿಲ್ಲಿಸಿಕೊಂಡು ಅಳೆಸಿ.

ಪಟ್ಟಯದಲ್ಲಿ (ಸರಕಾರ ಜಾಗಕ್ಕೆ ಕೊಡುವ ಹಕ್ಕುಪತ್ರದಲ್ಲಿ) ಸಿಕ್ಕಿದ ಜಾಗವಾದರೆ ಆ ಪಟ್ಟಯವನ್ನೇ ಓದಿಸಿ. ಇಂತಿಷ್ಟು ವರ್ಷ ಮಾರಬಾರದು ಎಂಬ ಶರತ್ತು ಕೆಲವದರಲ್ಲಿ ಇರುತ್ತದೆ.

ಇನ್ನು ಆಧಾರದ ವಿಷಯ. ಝೆರಾಕ್ಸ್ ಸಾಲದು, ಒರಿಜಿನಲ್ ನೋಡಬೇಕು. ಒರಿಜಿನಲ್ ಬ್ಯಾಂಕಿನಲ್ಲಿ ಅಡವಿಟ್ಟು ತೆಗೆದ ಸಾಲ ಕೆಲವೊಮ್ಮೆ ಇಸಿಯಲ್ಲಿ (ಜಾಗದ ಮೇಲಿನ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರದಲ್ಲಿ) ಕಾಣಿಸುವುದೇ ಇಲ್ಲ. ಸಹಕಾರಿ ಬ್ಯಾಂಕಿನ ಸಾಲ ಸಾಮಾನ್ಯವಾಗಿ 'ಗಹಾನ್' (ಅಡವು) ಅಂತ ಇಸಿಯಲ್ಲಿ ಬರುತ್ತದೆ. ಸಾಲ ತೀರಿದ್ದರೆ ಗಹಾನ್ ರಿಲೀಸ್ ಕೂಡ ಅಲ್ಲೇ ಕಾಣಬೇಕು. ಇಸಿಯನ್ನು ಕಡಿಮೆ ಅಂದರೂ 30 ವರ್ಷಕ್ಕೆ ತೆಗೆಸಿ. ರೀಸರ್ವೆ ಆದ ಕಡೆ ಹಳೆ ನಂಬರಿಗೂ ಹೊಸ ನಂಬರಿಗೂ ಹುಡುಕಿಸಿ. ಒಂದಕ್ಕೆ ಮಾತ್ರ ಹುಡುಕಿದರೆ ಅರ್ಧ ಚರಿತ್ರೆ ತಪ್ಪಿಹೋಗುತ್ತದೆ.

ಮಾರುವವರಿಗೆ ಜಾಗ ಹೇಗೆ ಬಂತು? ಹಿಂದಿನ ಆಧಾರ ಕೇಳಿ. ಪಾಲಿನಲ್ಲಿ ಬಂದದ್ದಾದರೆ ಎಲ್ಲ ಪಾಲುದಾರರೂ ಸಹಿ ಹಾಕಿದ್ದಾರಾ? ಕೇರಳದಲ್ಲಿ ಹಿಂದೂ ಕೂಡುಕುಟುಂಬ ಪದ್ಧತಿ 1976ರ ಡಿಸೆಂಬರ್ 1ರಿಂದ ರದ್ದಾಗಿದೆ. ತರವಾಡಿನ (ಹಳೆ ಕೂಡುಕುಟುಂಬದ ಮನೆತನದ) ಆಸ್ತಿಯಾದರೂ ಪ್ರತಿಯೊಬ್ಬರಿಗೂ ಅವರವರ ಪಾಲು ಉಂಟು, ಯಜಮಾನರೊಬ್ಬರೇ ಸಹಿ ಹಾಕಿದರೆ ಆಗುವುದಿಲ್ಲ. ಮುಂಬೈಯಲ್ಲಿರುವ ಅಣ್ಣ, ಗಲ್ಫಿನಲ್ಲಿರುವ ತಮ್ಮ, ಮದುವೆಯಾಗಿ ಪುತ್ತೂರಿಗೆ ಹೋದ ಅಕ್ಕ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಮುಸ್ಲಿಂ, ಕ್ರೈಸ್ತ ಮನೆಗಳಲ್ಲೂ ಹೆಣ್ಣುಮಕ್ಕಳ ಪಾಲು ಬಿಟ್ಟುಹೋಗಿದೆಯಾ ನೋಡಲೇಬೇಕು. "ಅಕ್ಕ ಏನೂ ಹೇಳುವುದಿಲ್ಲ" ಎಂಬ ಬಾಯಿಮಾತಿನ ಮೇಲೆ ಲಕ್ಷಗಟ್ಟಲೆ ಕೊಡಬೇಡಿ. ಅದು ಅವರ ಹಕ್ಕು, ಕೇಳಿಯೇ ಮುಂದುವರಿಯುವುದು ನ್ಯಾಯ ಕೂಡ.

ಮಲಯಾಳ ಬರುವುದಿಲ್ಲ ಅಂತ ಸಂಕೋಚ ಬೇಡ. ಆದರೆ ಓದಿ ಹೇಳುವವರು ಬ್ರೋಕರ್ ಆಗಬಾರದು, ಮಾರುವವರ ಕಡೆಯ ಆಧಾರ ಬರೆಯುವವರೂ ಆಗಬಾರದು. ನಿಮ್ಮದೇ ವಕೀಲರನ್ನು ಹಿಡಿದು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ, ಮುಖ್ಯವಾಗಿ ನಾಲ್ಕು ಗಡಿ ಮತ್ತು ದಾರಿ ಹಕ್ಕಿನ ಸಾಲುಗಳನ್ನು. ಭಾಷಾ ಅಲ್ಪಸಂಖ್ಯಾತ ಪ್ರದೇಶವಾದ ಇಲ್ಲಿ ಸರಕಾರಿ ಕಚೇರಿಗೆ ಕನ್ನಡದಲ್ಲೇ ಅರ್ಜಿ ಕೊಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲೇ ಅದು ಇದೆ. ಧೈರ್ಯವಾಗಿ ಕೇಳಿ.

ಖರ್ಚು ಮೊದಲೇ ಲೆಕ್ಕ ಹಾಕಿಡಿ. ಸ್ಟಾಂಪ್ ಡ್ಯೂಟಿ 8%, ರಿಜಿಸ್ಟ್ರೇಶನ್ ಫೀಸು 2%. 20 ಲಕ್ಷದ ಜಾಗಕ್ಕೆ 2 ಲಕ್ಷ ಅಲ್ಲೇ ಹೋಯಿತು. ಕ್ರಯ ಸರಕಾರ ಜಾಗಕ್ಕೆ ಗೊತ್ತುಮಾಡಿದ ಕನಿಷ್ಠ ಬೆಲೆಗಿಂತ (ಫೇರ್ ವ್ಯಾಲ್ಯೂಗಿಂತ) ಕಮ್ಮಿ ಇದ್ದರೆ ಫೇರ್ ವ್ಯಾಲ್ಯೂ ಮೇಲೆಯೇ ಲೆಕ್ಕ. ಕೊಟ್ಟ ದುಡ್ಡಿಗಿಂತ ಕಮ್ಮಿ ಬರೆಸುವ ಆಸೆ ಬೇಡ, ನಾಳೆ ವ್ಯಾಜ್ಯ ಬಂದರೆ ಬರೆದಷ್ಟೇ ನಿಮ್ಮದು.

ನೀರು ಮರೆಯಬೇಡಿ. ಬಾವಿಯನ್ನೋ ಸುರಂಗವನ್ನೋ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಮೂಲವನ್ನೋ) ಏಪ್ರಿಲ್, ಮೇ ತಿಂಗಳಲ್ಲಿ ನೋಡಿ. ಮಳೆಗಾಲದಲ್ಲಿ ಎಲ್ಲ ಬಾವಿಯೂ ತುಂಬಿರುತ್ತದೆ.

ಇಷ್ಟೆಲ್ಲ ಸರಿ ಬಂದ ಮೇಲೆ ಅಡ್ವಾನ್ಸ್. ಅದನ್ನೂ ಬ್ಯಾಂಕ್ ಮೂಲಕ ಕೊಟ್ಟು, ದಾಖಲೆಯಲ್ಲಿ ದೋಷ ಕಂಡರೆ ದುಡ್ಡು ವಾಪಸ್ ಎಂದು ಕರಾರಿನಲ್ಲಿ ಬರೆಸಿ. ರಿಜಿಸ್ಟ್ರಿ ಆದ ಕೂಡಲೇ ವಿಲೇಜ್ ಆಫೀಸಿನಲ್ಲಿ ಪೋಕುವರವು (ಹೆಸರು ಬದಲಾವಣೆ) ಮಾಡಿಸಿ ತೀರ್ವೆಯನ್ನು ನಿಮ್ಮ ಹೆಸರಿಗೆ ತನ್ನಿ, ಪಂಚಾಯತಿನಲ್ಲಿ ಮನೆ ನಂಬರನ್ನೂ ನಿಮ್ಮ ಹೆಸರಿಗೆ ಬದಲಿಸಿ.