ಒಂಬತ್ತು ಗೆಲುವು ಸಾಕಾ, ಸಾಲದಾ? ನೆಬ್ರಸ್ಕದ ಹಳೇ ಜಗಳದ ಹಿನ್ನೆಲೆ

ಹನ್ನೆರಡು ಪಂದ್ಯಗಳಲ್ಲಿ ಒಂಬತ್ತು ಗೆದ್ದ ಕೋಚನ್ನು ಮನೆಗೆ ಕಳಿಸುವುದು ಸರಿಯಾ? ಅಮೆರಿಕದ ನೆಬ್ರಸ್ಕ ರಾಜ್ಯದಲ್ಲಿ ಈ ಪ್ರಶ್ನೆ ಎತ್ತಿದರೆ ಇವತ್ತಿಗೂ ದನಿ ಏರುತ್ತದೆ. ಅಲ್ಲಿನ ವಿಶ್ವವಿದ್ಯಾಲಯ ಎರಡು ಸಲ ಹಾಗೆ ಮಾಡಿತು. 2003ರಲ್ಲಿ ಒಮ್ಮೆ, 2014ರಲ್ಲಿ ಇನ್ನೊಮ್ಮೆ. ಆಮೇಲೆ ಬಂದ ಕೋಚ್‌ಗಳು, ಸೋಲುಗಳು, ಕೊಟ್ಟು ಕಳಿಸಿದ ಹಣ ಎಲ್ಲ ಸೇರಿ ಈಗ ವಿಷಯ ತುಂಬಾ ಗೋಜಲಾಗಿದೆ. ಯಾರಿಗೆ ಯಾವುದರ ಮೇಲೆ ಸಿಟ್ಟು ಅನ್ನೋದೇ ಹೊಸಬರಿಗೆ ತಿಳಿಯುವುದಿಲ್ಲ. ಹಾಗಾಗಿ ಮೊದಲಿನಿಂದ ನೋಡೋಣ.

ಫುಟ್‌ಬಾಲ್ ಅಂದರೆ ಇಲ್ಲಿ ಹೆಲ್ಮೆಟ್ ಹಾಕಿಕೊಂಡು, ಉದ್ದನೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ. ನೆಬ್ರಸ್ಕದ ಜನಸಂಖ್ಯೆ ಸುಮಾರು 20 ಲಕ್ಷ. ಜೋಳ, ಸೋಯಾ, ದನಗಳ ನಾಡು. ದೊಡ್ಡ ವೃತ್ತಿಪರ ತಂಡ ಒಂದೂ ಇಲ್ಲ. ಇರುವುದು ಲಿಂಕನ್ ಊರಿನ ವಿಶ್ವವಿದ್ಯಾಲಯದ 'ಕಾರ್ನ್‌ಹಸ್ಕರ್ಸ್', ಎಲ್ಲರ ಬಾಯಲ್ಲಿ 'ಹಸ್ಕರ್ಸ್'. ಇಡೀ ರಾಜ್ಯದ ಪ್ರೀತಿಯೆಲ್ಲ ಅದೊಂದರ ಮೇಲೆ. 1962ರ ನವೆಂಬರ್‌ನಿಂದ ಅಲ್ಲಿನ ಮೆಮೋರಿಯಲ್ ಸ್ಟೇಡಿಯಂನ ಪ್ರತಿ ಪಂದ್ಯದ ಟಿಕೆಟ್ಟೂ ಪೂರ್ತಿ ಮಾರಾಟವಾಗಿದೆ. ಪಂದ್ಯದ ದಿನ ಸ್ಟೇಡಿಯಂನಲ್ಲಿ ಸೇರುವ ಜನರನ್ನು ಎಣಿಸಿದರೆ ಒಮಾಹಾ, ಲಿಂಕನ್ ಬಿಟ್ಟರೆ ಅದೇ ರಾಜ್ಯದ ಮೂರನೇ ದೊಡ್ಡ ಊರು. ಸೋತರೂ ಬರುತ್ತಾರೆ. ಎದುರಾಳಿ ತಂಡ ಮೈದಾನ ಬಿಟ್ಟು ಹೋಗುವಾಗ ಎದ್ದು ಚಪ್ಪಾಳೆ ತಟ್ಟುವ ರೂಢಿಯೂ ಇದೆ. ಇಂಥ ಜನ ಜಗಳ ಆಡುತ್ತಿದ್ದಾರೆ ಅಂದರೆ ಅದು ಸುಮ್ನೆ ಅಲ್ಲ.

ಒಂದು ಕಾಲದಲ್ಲಿ ತಂಡ ಅಷ್ಟಕ್ಕಷ್ಟೇ ಇತ್ತು. 1962ರಲ್ಲಿ ಬಾಬ್ ಡೆವಾನಿ ಬಂದರು, 1970 ಮತ್ತು 71ರಲ್ಲಿ ರಾಷ್ಟ್ರೀಯ ಚಾಂಪಿಯನ್ ಮಾಡಿದರು, 1973ರಲ್ಲಿ ತಮ್ಮ ಸಹಾಯಕ ಟಾಮ್ ಆಸ್ಬೋರ್ನ್‌ಗೆ ಜಾಗ ಬಿಟ್ಟುಕೊಟ್ಟರು. ಆಸ್ಬೋರ್ನ್ 25 ವರ್ಷ ಕೋಚ್ ಆಗಿದ್ದರು. 255 ಗೆಲುವು, 49 ಸೋಲು, 3 ಡ್ರಾ. ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ. ಜಗಳದ ನಡುವೆ ಇರುವ 'ಒಂಬತ್ತು' ಬಂದಿದ್ದು ಇಲ್ಲಿಂದಲೇ.

ಈಗಿನವರು ಮರೆಯುವ ಒಂದು ಸಂಗತಿ ಇದೆ. ಆಸ್ಬೋರ್ನ್‌ಗೂ ಬೈಗುಳ ತಪ್ಪಿರಲಿಲ್ಲ. ಮೊದಲ ಐದು ವರ್ಷ ಒಕ್ಲಹೋಮ ವಿರುದ್ಧ ಸತತ ಸೋತರು. 1984ರ ಜನವರಿಯಲ್ಲಿ, ಆರೆಂಜ್ ಬೌಲ್ ಎಂಬ ಸೀಸನ್ ಕೊನೆಯ ಪಂದ್ಯದಲ್ಲಿ ಮಯಾಮಿ ವಿರುದ್ಧ ಕೊನೇ ನಿಮಿಷದಲ್ಲಿ 31-30ಕ್ಕೆ ಬಂದು ನಿಂತಿದ್ದರು. ಒಂದು ಪಾಯಿಂಟ್‌ನ ಸುಲಭದ ಕಿಕ್ ಹೊಡೆದಿದ್ದರೆ ಸಮಬಲ, ಬಹುಶಃ ಚಾಂಪಿಯನ್ ಪಟ್ಟವೂ ಸಿಗುತ್ತಿತ್ತು. ಅವರು ಗೆಲ್ಲಲೇಬೇಕು ಎಂದು ಎರಡು ಪಾಯಿಂಟ್‌ಗೆ ಹೋದರು. ಪಾಸ್ ಎದುರಾಳಿಯ ಕೈಗೆ ತಾಗಿ ಕೆಳಗೆ ಬಿತ್ತು. ಮುಂದೆ 1987ರಿಂದ 1993ರವರೆಗಿನ ಏಳು ಸೀಸನ್‌ಗಳಲ್ಲಿ, ವರ್ಷದ ಕೊನೆಗೆ ಆಡುವ ಬೌಲ್ ಪಂದ್ಯ ಏಳಕ್ಕೆ ಏಳೂ ಸೋತರು. ದೊಡ್ಡ ಪಂದ್ಯ ಗೆಲ್ಲೋಕೆ ಇವರಿಂದ ಆಗಲ್ಲ ಎಂಬ ಮಾತು ಆಗ ಜಾಸ್ತಿ ಕೇಳುತ್ತಿತ್ತು. ಮೊದಲ ಚಾಂಪಿಯನ್ ಪಟ್ಟ ಬಂದಿದ್ದು 1994ರಲ್ಲಿ, ಅವರ 22ನೇ ಸೀಸನ್‌ನಲ್ಲಿ. ಆಮೇಲೆ 1995, 1997ರಲ್ಲೂ ಬಂತು. ಕೊನೆಯ ಐದು ವರ್ಷದ ಲೆಕ್ಕ 60 ಗೆಲುವು, 3 ಸೋಲು. 22 ವರ್ಷ ಕಾಯುವ ತಾಳ್ಮೆ ಈಗ ಯಾರಿಗಿದೆ?

ಅವರ ಆಟದ ರೀತಿಯೂ ನೆಲಕ್ಕೆ ಒಗ್ಗಿದ್ದು. ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸುವ ಆಟಗಾರ, ಚೆಂಡು ಹಿಡಿದು ಪಕ್ಕಕ್ಕೆ ಓಡುತ್ತಾನೆ, ಎದುರಾಳಿ ಯಾರ ಮೇಲೆ ಬೀಳುತ್ತಾನೆ ನೋಡಿ ತಾನೇ ನುಗ್ಗುತ್ತಾನೆ ಅಥವಾ ಹಿಂದಿನವನಿಗೆ ಎಸೆಯುತ್ತಾನೆ. ಇದಕ್ಕೆ 'ಆಪ್ಷನ್' ಎನ್ನುತ್ತಾರೆ. ಇದು ನಡೆಯಬೇಕಾದರೆ ಮುಂದಿನ ಸಾಲಿನಲ್ಲಿ ದಾರಿ ಬಿಡಿಸುವ ಗಟ್ಟಿ ಆಳುಗಳು ಬೇಕು. ಹಳ್ಳಿಯ ಹುಡುಗರು ಸ್ಕಾಲರ್‌ಶಿಪ್ ಇಲ್ಲದೆ, ಸ್ವಂತ ಖರ್ಚಿನಲ್ಲಿ ಓದುತ್ತಾ ತಂಡಕ್ಕೆ ಸೇರುತ್ತಿದ್ದರು. ಅವರನ್ನು 'ವಾಕ್-ಆನ್' ಎನ್ನುತ್ತಿದ್ದರು. ಎರಡು ಮೂರು ವರ್ಷ ಜಿಮ್‌ನಲ್ಲಿ ಬೆವರು ಹರಿಸಿ ನಾಲ್ಕನೇ ವರ್ಷ ಮೈದಾನಕ್ಕೆ ಇಳಿಯುತ್ತಿದ್ದರು. ಪ್ರತಿ ಊರಿಗೂ ತಮ್ಮ ಹುಡುಗ ಒಬ್ಬ ತಂಡದಲ್ಲಿ ಇದ್ದಾನೆ ಎಂಬ ಹೆಮ್ಮೆ ಇತ್ತು.

ಆಸ್ಬೋರ್ನ್ ನಂತರ ಫ್ರಾಂಕ್ ಸಾಲಿಚ್. ಅದೇ ತಂಡದ ಹಳೆಯ ಆಟಗಾರ, ವರ್ಷಗಟ್ಟಲೆ ಆಸ್ಬೋರ್ನ್ ಜೊತೆ ಸಹಾಯಕನಾಗಿ ಇದ್ದವರು. 1999ರಲ್ಲಿ ತಮ್ಮ ಗುಂಪಿನ, ಅಂದರೆ ಕಾನ್ಫರೆನ್ಸ್‌ನ, ಪ್ರಶಸ್ತಿ ಗೆದ್ದರು. ಅದೇ ಕೊನೆ. ಅದಾದ ಮೇಲೆ ನೆಬ್ರಸ್ಕ ಅಂಥದ್ದು ಗೆದ್ದಿಲ್ಲ. 2001ರಲ್ಲಿ ಸತತ ಹನ್ನೊಂದು ಪಂದ್ಯ ಗೆದ್ದು ಕೊಲೊರಾಡೊ ವಿರುದ್ಧ 62-36ರಿಂದ ಮುಗ್ಗರಿಸಿದರು. ರ‍್ಯಾಂಕಿಂಗ್ ಲೆಕ್ಕಾಚಾರದಿಂದ ಆದರೂ ಫೈನಲ್‌ಗೆ ಹೋಗಿ ಮಯಾಮಿ ವಿರುದ್ಧ 37-14ರಿಂದ ಸೋತರು. ಮರುವರ್ಷ 7 ಗೆಲುವು, 7 ಸೋಲು. ಆಗ ಸಾಲಿಚ್ ತಮ್ಮ ಸಹಾಯಕರಲ್ಲಿ ಹಲವರನ್ನು ಬದಲಾಯಿಸಿದರು, ಡಿಫೆನ್ಸ್‌ಗೆ ಬೋ ಪೆಲಿನಿ ಎಂಬವರನ್ನು ಕರೆತಂದರು. 2003ರಲ್ಲಿ ತಂಡ ಸುಧಾರಿಸಿ ಒಂಬತ್ತು ಗೆದ್ದಿತು. ಕೊಲೊರಾಡೊ ವಿರುದ್ಧ ಕೊನೇ ಪಂದ್ಯ ಗೆದ್ದ ಮಾರನೇ ದಿನವೇ ಸಾಲಿಚ್ ಅವರನ್ನು ತೆಗೆದರು. ನೆಬ್ರಸ್ಕ ಸಾಧಾರಣ ತಂಡವಾಗಿ ಉಳಿಯುವುದನ್ನು ನೋಡುತ್ತಾ ಕೂರಲು ಆಗುವುದಿಲ್ಲ ಎಂಬುದು ಆಡಳಿತ ಕೊಟ್ಟ ಕಾರಣ.

ಅಭಿಮಾನಿಗಳು ಒಡೆದಿದ್ದು ಅವತ್ತು. ಒಂದು ಗುಂಪಿಗೆ ಇದು ಮನೆಯವನನ್ನು ಹೊರಗೆ ಹಾಕಿದ ಹಾಗೆ ಅನ್ನಿಸಿತು. ಇನ್ನೊಂದು ಗುಂಪು, ಒಕ್ಲಹೋಮ, ಟೆಕ್ಸಸ್ ಮುಂದೆ ಹೋಗುತ್ತಿರುವಾಗ ಒಂಬತ್ತು ಗೆದ್ದು ಏನು ಪ್ರಯೋಜನ ಎಂದಿತು. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಹೊಸ ಕೋಚ್ ಸಿಗೋದಕ್ಕೆ ಒಂದು ತಿಂಗಳಿಗೂ ಜಾಸ್ತಿ ಹಿಡಿಯಿತು. ಮುಂದೇನು ಎಂದು ನಿರ್ಧರಿಸಿಕೊಂಡು ತೆಗೆದಿದ್ದರಾ ಎಂಬ ಅನುಮಾನ ಬರುವುದು ಸಹಜ ಅಲ್ವಾ?

ವೃತ್ತಿಪರ ಲೀಗ್‌ನಿಂದ ಬಂದ ಬಿಲ್ ಕ್ಯಾಲಹನ್ ಆಪ್ಷನ್ ಆಟವನ್ನೇ ಕೈಬಿಟ್ಟು ಪಾಸ್ ಆಟ ತಂದರು. ಓಡೋದಕ್ಕೆ ತಯಾರಾದ ಹುಡುಗರ ಕೈಯಲ್ಲಿ ಪಾಸ್ ಮಾಡಿಸಬೇಕಾಯಿತು. 2004ರಲ್ಲಿ 5 ಗೆಲುವು, 6 ಸೋಲು. ಗೆಲುವಿಗಿಂತ ಸೋಲೇ ಹೆಚ್ಚಾಗಿದ್ದು 1961ರ ನಂತರ ಅದೇ ಮೊದಲು. ಸತತ 35 ವರ್ಷ ಬೌಲ್ ಆಡಿದ ದಾಖಲೆಯೂ ಮುರಿಯಿತು. 2007ರಲ್ಲಿ ಕ್ಯಾನ್ಸಸ್ ವಿರುದ್ಧ 76 ಪಾಯಿಂಟ್ ಬಿಟ್ಟುಕೊಟ್ಟರು. ಆ ಹೊತ್ತಿಗೆ ಆಸ್ಬೋರ್ನ್ ಮೂರು ಅವಧಿ ಸಂಸದರಾಗಿ ಮುಗಿಸಿ, ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರಾಗಿ (ಅಥ್ಲೆಟಿಕ್ ಡೈರೆಕ್ಟರ್) ವಾಪಸ್ ಬಂದಿದ್ದರು. ಅವರು ಕರೆದದ್ದು ಅದೇ ಪೆಲಿನಿಯನ್ನು.

ಪೆಲಿನಿ ಏಳು ವರ್ಷ ಇದ್ದರು. ಪ್ರತಿ ವರ್ಷ ಒಂಬತ್ತೋ ಹತ್ತೋ ಗೆಲುವು, ಕೊನೆಯ ವರ್ಷ ಬಿಟ್ಟರೆ ಪ್ರತಿ ವರ್ಷ ನಾಲ್ಕು ಸೋಲು. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇರುವುದು ಈ ಏಳು ವರ್ಷಗಳಲ್ಲಿ. 2009ರ ಡಿಸೆಂಬರ್‌ನಲ್ಲಿ ಟೆಕ್ಸಸ್ ವಿರುದ್ಧ ಕಾನ್ಫರೆನ್ಸ್ ಫೈನಲ್. ಡಿಫೆನ್ಸ್‌ನ ದೈತ್ಯ ಎಂಡಾಮುಕಾಂಗ್ ಸೂ ಅವತ್ತು ಟೆಕ್ಸಸ್ ಕ್ವಾರ್ಟರ್‌ಬ್ಯಾಕನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿದರು. ನೆಬ್ರಸ್ಕ 12-10 ಮುಂದೆ. ಟೆಕ್ಸಸ್‌ನ ಪಾಸ್ ಹೊರಗೆ ಹೋಯಿತು, ಗಡಿಯಾರ ಸೊನ್ನೆ ತೋರಿಸಿತು, ನೆಬ್ರಸ್ಕದವರು ಮೈದಾನಕ್ಕೆ ನುಗ್ಗಿದರು. ರೆಫರಿಗಳು ವಿಡಿಯೊ ನೋಡಿ ಒಂದು ಸೆಕೆಂಡ್ ವಾಪಸ್ ಹಾಕಿದರು. ಆ ಒಂದು ಸೆಕೆಂಡಿನಲ್ಲಿ ಟೆಕ್ಸಸ್ ಕಿಕ್ ಹೊಡೆದು 13-12ಕ್ಕೆ ಗೆದ್ದಿತು. ಆ ಸೆಕೆಂಡ್ ಇಲ್ಲದಿದ್ದರೆ ಪೆಲಿನಿ ಕಥೆಯೇ ಬೇರೆ ಇರುತ್ತಿತ್ತು ಎಂದು ನಂಬುವವರು ಈಗಲೂ ಇದ್ದಾರೆ.

2011ರಲ್ಲಿ ಒಹಾಯೊ ಸ್ಟೇಟ್ ವಿರುದ್ಧ 27-6 ಹಿಂದೆ ಬಿದ್ದಾಗ ಎಷ್ಟೋ ಜನ ಸ್ಟೇಡಿಯಂ ಬಿಟ್ಟು ಹೊರಟರು. ತಂಡ 34-27ಕ್ಕೆ ಗೆದ್ದಿತು. ಪಂದ್ಯದ ನಂತರ ಪೆಲಿನಿ ಖಾಸಗಿಯಾಗಿ ಅಭಿಮಾನಿಗಳನ್ನೇ ಕೆಟ್ಟದಾಗಿ ಬೈದಿದ್ದು ರೆಕಾರ್ಡ್ ಆಗಿತ್ತು. ಅದು 2013ರಲ್ಲಿ ಹೊರಬಂತು. ಅವರು ಕ್ಷಮೆ ಕೇಳಿದರು, ಆದರೆ ನೋವು ಉಳಿಯಿತು. ದೊಡ್ಡ ಪಂದ್ಯಗಳಲ್ಲಿ ಆದ ಅವಮಾನವೂ ಕಡಿಮೆ ಇರಲಿಲ್ಲ. ವಿಸ್ಕಾನ್ಸಿನ್ ಎದುರು 2012ರ ಕಾನ್ಫರೆನ್ಸ್ ಫೈನಲ್‌ನಲ್ಲಿ 70-31ರ ಸೋಲು. 2014ರಲ್ಲಿ ಅದೇ ತಂಡದ ಮೆಲ್ವಿನ್ ಗಾರ್ಡನ್ ಒಬ್ಬನೇ 408 ಗಜ ಓಡಿದ. ಆ ವರ್ಷವೂ ಒಂಬತ್ತು ಗೆದ್ದ ಪೆಲಿನಿ ಕೆಲಸ ಕಳೆದುಕೊಂಡರು.

ಮುಂದಿನದು ಬೇಗ ಹೇಳಿಬಿಡಬಹುದು. ಮೈಕ್ ರೈಲಿ ಮೂರು ವರ್ಷ, 19 ಗೆಲುವು, 19 ಸೋಲು. 2018ರಿಂದ ಸ್ಕಾಟ್ ಫ್ರಾಸ್ಟ್. ರಾಜ್ಯದ ಮಗ, 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್. ಬರುವ ಹಿಂದಿನ ವರ್ಷ ಸೆಂಟ್ರಲ್ ಫ್ಲೋರಿಡ ತಂಡವನ್ನು ಒಂದೂ ಸೋಲಿಲ್ಲದೆ ಮುನ್ನಡೆಸಿದ್ದರು. ಎರಡೂ ಗುಂಪು ಒಂದಾಗಿದ್ದು ಆಗ ಮಾತ್ರ. 2021ರಲ್ಲಿ ಒಂಬತ್ತು ಸೋತರು, ಒಂಬತ್ತೂ ಒಂಬತ್ತು ಪಾಯಿಂಟ್ ಒಳಗಿನ ಸೋಲು. 2022ರ ಆಗಸ್ಟ್‌ನಲ್ಲಿ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ 28-17 ಮುಂದೆ ಇದ್ದಾಗ, ಚೆಂಡನ್ನು ದೂರ ಹೊಡೆಯುವ ಬದಲು ಹತ್ತಿರಕ್ಕೆ ತಟ್ಟಿ ತಾವೇ ಹಿಡಿಯುವ ಕಿಕ್ ಮಾಡಿಸಿದರು. ನಾರ್ತ್‌ವೆಸ್ಟರ್ನ್ ಹಿಡಿಯಿತು, 31-28ಕ್ಕೆ ಗೆದ್ದಿತು. ಆ ತಂಡ ಆ ವರ್ಷ ಗೆದ್ದಿದ್ದು ಅದೊಂದೇ. ಇನ್ನೆರಡು ವಾರಕ್ಕೆ ಫ್ರಾಸ್ಟ್ ಹೊರಗೆ. ಅಕ್ಟೋಬರ್ 1ರವರೆಗೆ ಕಾದಿದ್ದರೆ ಕೊಡಬೇಕಾದ ಒಂದೂವರೆ ಕೋಟಿ ಡಾಲರ್ ಅರ್ಧಕ್ಕೆ ಇಳಿಯುತ್ತಿತ್ತು. ಕಾಯಲಿಲ್ಲ.

ಕೋಚ್‌ಗಳ ಹೆಸರು ಹಿಡಿದು ಜಗಳ ಆಡುವಾಗ ಕಾಲ ಕೆಳಗಿನ ನೆಲ ಸರಿದಿದ್ದು ಮಾತಿಗೇ ಬರುವುದಿಲ್ಲ. ಪಂದ್ಯಗಳ ಟಿವಿ ಪ್ರಸಾರದ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಕೊಟ್ಟ ತೀರ್ಪಿನ ನಂತರ ಎಲ್ಲ ತಂಡಗಳೂ ಟಿವಿಯಲ್ಲಿ ಬರತೊಡಗಿದವು. ಒಳ್ಳೆ ಆಟಗಾರನಿಗೆ ಲಿಂಕನ್‌ಗೇ ಬರಬೇಕೆಂಬ ಒತ್ತಾಯ ಉಳಿಯಲಿಲ್ಲ. ಸ್ಕಾಲರ್‌ಶಿಪ್ ಮಿತಿ 105ರಿಂದ 95ಕ್ಕೆ, 1994ರ ಹೊತ್ತಿಗೆ 85ಕ್ಕೆ ಇಳಿಯಿತು. ದೊಡ್ಡ ತಂಡ ಕಟ್ಟಿ ನಿಧಾನವಾಗಿ ಬೆಳೆಸುವ ವಿಧಾನಕ್ಕೆ ಅದು ಪೆಟ್ಟು. 1996ರಲ್ಲಿ ನೆಬ್ರಸ್ಕದ ಕಾನ್ಫರೆನ್ಸ್‌ಗೆ ಟೆಕ್ಸಸ್‌ನ ನಾಲ್ಕು ತಂಡಗಳು ಸೇರಿ ಅದು ಬಿಗ್ 12 ಆಯಿತು. ಒಕ್ಲಹೋಮ ಬೇರೆ ವಿಭಾಗಕ್ಕೆ ಹೋಗಿ ಪ್ರತಿ ವರ್ಷದ ಪಂದ್ಯ ನಿಂತಿತು. 2011ರಲ್ಲಿ ಹೆಚ್ಚು ಹಣದ ಬಿಗ್ ಟೆನ್ ಕಾನ್ಫರೆನ್ಸ್‌ಗೆ ಹೋದಾಗ ಆಟಗಾರರು ಸಿಗುತ್ತಿದ್ದ ಟೆಕ್ಸಸ್ ಕೂಡ ಕೈ ತಪ್ಪಿತು. ಈ ತೀರ್ಮಾನಗಳಿಗೆ ಅವತ್ತಿಗೆ ಒಂದೊಂದು ಕಾರಣ ಇತ್ತು. ಎಲ್ಲ ಸೇರಿ ಹಳೆಯ ನೆಬ್ರಸ್ಕ ಇರಲು ಜಾಗವೇ ಇಲ್ಲದಂತಾಯಿತು. ಅಂಥ ಹೊತ್ತಲ್ಲಿ ಒಂಬತ್ತು ಗೆದ್ದವರನ್ನು ಉಳಿಸಿಕೊಂಡಿದ್ದರೆ ಚೆನ್ನಾಗಿತ್ತು ಅನ್ನಿಸದೇ ಇರದು.

ಈಗಿನ ಕೋಚ್ ಮ್ಯಾಟ್ ರೂಲ್ ಬಂದಿದ್ದು 2022ರ ಕೊನೆಗೆ, ಎಂಟು ವರ್ಷಕ್ಕೆ 7.4 ಕೋಟಿ ಡಾಲರ್ ಒಪ್ಪಂದದ ಮೇಲೆ. 2024ರಲ್ಲಿ, ಹಳೆಯ ಹಸ್ಕರ್ ಆಟಗಾರ ಡಾಮಿನಿಕ್ ರಯೋಲಾ ಅವರ ಮಗ ಡಿಲನ್ ಮೊದಲ ವರ್ಷವೇ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ. ತಂಡ ಆರು ಗೆದ್ದು, 2016ರ ನಂತರ ಮೊದಲ ಸಲ ಬೌಲ್‌ಗೆ ಹೋಗಿ ಬಾಸ್ಟನ್ ಕಾಲೇಜನ್ನು 20-15ರಿಂದ ಸೋಲಿಸಿ ಏಳಕ್ಕೆ ಮುಟ್ಟಿತು. ಒಂಬತ್ತು ಸಾಲದು ಎಂದು ಜಗಳ ಆಡಿದ ಊರು ಏಳಕ್ಕೆ ಹಬ್ಬ ಮಾಡಿತು. ಅಷ್ಟರಲ್ಲಿ ಇನ್ನೊಂದು ಬದಲಾವಣೆ ಬಂತು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಎಲ್ಲ ಆಟಗಳೂ ಸೇರಿ ಮೊದಲ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್ ತನಕ. ಸ್ಕಾಲರ್‌ಶಿಪ್ ಮಿತಿ ಹೋಯಿತು, ಬದಲಿಗೆ ಫುಟ್‌ಬಾಲ್ ತಂಡದಲ್ಲಿ ಒಟ್ಟು 105 ಜನರೇ ಇರಬೇಕು ಎಂಬ ನಿಯಮ ಬಂತು. ನೆಬ್ರಸ್ಕದ ಪಟ್ಟಿಯಲ್ಲಿ ಹಿಂದೆಲ್ಲ 150ರ ಆಸುಪಾಸು ಹುಡುಗರು ಇರುತ್ತಿದ್ದರು. ಆ ನಲವತ್ತು ಚಿಲ್ಲರೆ ಜಾಗ ಹಳ್ಳಿಯ ವಾಕ್-ಆನ್ ಹುಡುಗರದ್ದು. ಈಗಿನ ಜಗಳ ಅವರ ಬಗ್ಗೆ. 105ರಲ್ಲಿ ಎಷ್ಟನ್ನು ರಾಜ್ಯದ ಮಕ್ಕಳಿಗೆ ಇಡಬೇಕು, ಎಷ್ಟನ್ನು ಹೊರಗಿನಿಂದ ಹಣ ಕೊಟ್ಟು ತರಬೇಕು?